ಹದಿನೈದು ಸಾವಿರ ಅಡಿಗೆ ನೂರರ ಜೆಟ್ಟು

ಮೊದಲ ವರ್ಷ ಆ ಗಾಡಿ ಬೆಟ್ಟ ಹತ್ತದೆ ಹೋದದ್ದಕ್ಕೆ ಮೂರು ಜನ ಕಾರಣ. ಶ್ರೀರಂಗಪಟ್ಟಣದ ಮೆಕ್ಯಾನಿಕ್ಕು ತಪ್ಪು ಹೇಳಿದರು. ದನದ ಡಾಕ್ಟರಮ್ಮ ಅದನ್ನು ನಂಬಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪತ್ರಿಕೆಗೆ ತಾಲ್ಲೂಕು ಸುದ್ದಿ ಬರೆದು ತಲೆ ನರೆತವನು ನಾನು. ಎದುರಿಗಿದ್ದವರು ಹೇಳಿದ್ದನ್ನು ಹೊತ್ತು ಹಾಕಿ ಬರೆದುಕೊಳ್ಳುವುದು ಅಭ್ಯಾಸವಾಗಿದೆ. ಈಗ ಇಲ್ಲಿ ಹೇಳುವ ಸಂಖ್ಯೆ, ಹೊತ್ತು, ಮಾತು ಬಹುಪಾಲು ಆ ನೋಟ್‌ಬುಕ್ಕಿನವೇ.

ಡಾಕ್ಟರಮ್ಮ ಕೃಷ್ಣರಾಜಪೇಟೆಯವರು. ಪಶು ಆಸ್ಪತ್ರೆಯ ಪರೀಕ್ಷಕಿ, ಜನರ ಬಾಯಲ್ಲಿ ಡಾಕ್ಟರಮ್ಮ. ಪೇಟೆಯಿಂದ ನಾಗಮಂಗಲದ ಕಡೆಗೆ ಹರಡಿಕೊಂಡ ಹಳ್ಳಿಗಳು ಅವರ ಪಾಲಿಗೆ ಬಂದಿವೆ. ಬೆದೆಗೆ ಬಂದ ಹಸು ಬಸ್ಸಿನ ವೇಳೆ ನೋಡುವುದಿಲ್ಲವಾದ್ದರಿಂದ ಅವರು ಬೈಕು ಇಟ್ಟುಕೊಂಡಿದ್ದಾರೆ. ಅದೂ ಎಂಥ ಬೈಕು! ಮುಂದಿನ ಮಡ್‌ಗಾರ್ಡು ಚಕ್ರಕ್ಕಿಂತ ಗೇಣು ಮೇಲೆ, ಟೈರಿನಲ್ಲಿ ಬೆರಳುದ್ದದ ಗುಬುಟು, ಸೀಟು ಹತ್ತಬೇಕಾದರೆ ಸಣ್ಣಾಳು ಕಲ್ಲು ಹುಡುಕಬೇಕು. ಬಹಳ ಹಳೆಯದು, ಕಾರ್ಬುರೇಟರಿನದು. ಹಿಂದೆ ಇಂಜೆಕ್ಷನ್ ಸರಂಜಾಮಿನ ಕ್ಯಾನು ಬಿಗಿದು, ನಾಲೆ ಏರಿಯ ಮೇಲೆ, ಒಣಗಿದ ಕೆರೆಯಂಗಳದಲ್ಲಿ, ರಾಗಿ ಹೊಲದ ಬದುವಿನಲ್ಲಿ ಅವರು ಅದನ್ನು ಓಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಸಲ ಅವರ ಹಿಂದೆ ಕೂತು ಹೋದವನು, ವಾಪಸು ಬರುವಾಗ ಬಸ್ಸು ಹಿಡಿದೆ.

ಹಿಮಾಚಲದಲ್ಲಿ ವರ್ಷಕ್ಕೊಮ್ಮೆ ಹವ್ಯಾಸಿ ಸವಾರರ ಗುಂಪೊಂದು ಕಚ್ಚಾ ದಾರಿಯಲ್ಲಿ ಆರು ದಿನದ ಸವಾರಿ ಏರ್ಪಡಿಸುತ್ತದೆ. ಐದನೆಯ ದಿನ ಹದಿನೈದು ಸಾವಿರ ಅಡಿ ಎತ್ತರದ ಕಣಿವೆದಾರಿಯೊಂದನ್ನು ದಾಟಬೇಕು. ನಿಯಮ ಒಂದೇ: ನಡುಮಧ್ಯಾಹ್ನ ಹನ್ನೆರಡರೊಳಗೆ ನೆತ್ತಿಯಲ್ಲಿರಬೇಕು. ಹೊತ್ತೇರಿದಂತೆ ಹಿಮ ಕರಗಿ ದಾರಿಗಡ್ಡದ ಹಳ್ಳಗಳು ಉಕ್ಕುತ್ತವೆ. ತಡವಾದವರನ್ನು ಹಿಂದಕ್ಕೆ ಕಳುಹಿಸುತ್ತಾರೆ. ಡಾಕ್ಟರಮ್ಮ ತಮ್ಮ ಗಳಿಕೆ ರಜೆಯನ್ನೆಲ್ಲ ಕೂಡಿಟ್ಟು ಅದಕ್ಕೆ ಹೆಸರು ಕೊಟ್ಟರು.

ಗಾಡಿ ಸಿದ್ಧ ಮಾಡುವ ಕೆಲಸ ಶ್ರೀರಂಗಪಟ್ಟಣದ ಮಗ್ಗುಲ ಬಾಬುರಾಯನಕೊಪ್ಪಲಿನಲ್ಲಿ ನನ್ನ ಮನೆಯ ಎದುರಿನ ಶೆಡ್ಡಿಗೆ ಬಂತು. ಶೆಡ್ಡಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರ ತಂದೆಯದು ಲಾರಿ ಕೆಲಸ, ಇವರು ಕಲಿತದ್ದು ಪಾಂಡವಪುರದ ಆಲೆಮನೆಗಳಲ್ಲಿ ಕಬ್ಬು ಅರೆಯುವ ಡೀಸೆಲ್ ಎಂಜಿನ್ನುಗಳ ಮೇಲೆ. ತಪ್ಪಿನ ಬೇರು ಅಲ್ಲೇ ಇತ್ತು.

ಕಾರ್ಬುರೇಟರ್ ಗಾಳಿಗೂ ಪೆಟ್ರೋಲಿಗೂ ಹದ ಕೂಡಿಸುವ ಡಬ್ಬಿ. ಅದರ ಹೊಟ್ಟೆಯೊಳಗೆ ಕಡಲೆಕಾಳಿನಷ್ಟು ಹಿತ್ತಾಳೆ ತುಂಡೊಂದಿರುತ್ತದೆ. ಅದೇ ಜೆಟ್ಟು. ನಡುವೆ ಕೂದಲೆಳೆ ತೂರುವಂಥ ತೂತು, ಮೈಮೇಲೆ ಒಂದು ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ತೂತು ದೊಡ್ಡದು, ಪೆಟ್ರೋಲು ಜಾಸ್ತಿ. ಆ ಗಾಡಿಗೆ ಕಂಪನಿಯವರು ಹಾಕಿದ್ದು ನೂರಿಪ್ಪತ್ತು.

“ಮೇಲಕ್ಕೆ ಹತ್ತೋ ಗಾಡಿಗೆ ಏನ್ ಬೇಕು ಡಾಕ್ಟ್ರಮ್ಮ? ದಮ್ ಬೇಕು. ದಮ್ ಎಲ್ಲಿಂದ ಬರ್ತದೆ? ಪೆಟ್ರೋಲಿಂದ,” ಎಂದರು ಉಸ್ತಾದರು. “ಕಬ್ಬಿನ ಲೋಡ್ ಟ್ರಾಕ್ಟರು ಏರು ಹತ್ತುವಾಗ ಯಾವನಾದ್ರೂ ಡೀಸೆಲ್ ಕಮ್ಮಿ ಕೊಡ್ತಾನಾ? ನೂರಿಪ್ಪತ್ತು ತೆಗ್ದು ನೂರಿಪ್ಪತ್ತೈದು ಹಾಕ್ತೀನಿ. ಬರ್ಕೊಳಿ ಪೇಪರ್ನೋರೆ.”

ಬರೆದುಕೊಂಡೆ. ಕಬ್ಬು ಸಾಗಿಸುವ ಊರಿನಲ್ಲಿ ಹುಟ್ಟಿದ ಯಾರಿಗೂ ಆ ಮಾತಿನಲ್ಲಿ ಅನುಮಾನ ಬರುವಂತಿರಲಿಲ್ಲ.

ಗಾಡಿಯೊಡನೆ ಹಿಮಾಚಲಕ್ಕೆ ಹೊರಟು ಎರಡು ವಾರವಾದ ಮೇಲೆ ಡಾಕ್ಟರಮ್ಮ ಶೆಡ್ಡಿಗೆ ಬಂದರು. ಮುಖದ ಚರ್ಮ ಸುಲಿದಿತ್ತು, ತುಟಿ ಒಡೆದಿತ್ತು. ಉಸ್ತಾದರು ಎದ್ದು ಸ್ಟೂಲು ಒರೆಸಿ ಕೊಟ್ಟರು.

“ಆಗ್ಲಿಲ್ಲ ಉಸ್ತಾದ್ರೆ. ಹತ್ತು ಸಾವಿರ ಅಡಿ ದಾಟ್ತಿದ್ದಂಗೆ ಕರೀ ಹೊಗೆ. ಆಕ್ಸಿಲೇಟರ್ ತಿರುಗ್ಸಿದಷ್ಟೂ ಗೊಳಗೊಳ ಅಂತಿತ್ತು, ಮುಂದಕ್ಕೆ ಹೋಗ್ಲಿಲ್ಲ. ನೆತ್ತಿಗೆ ಇನ್ನೈದು ಕಿಲೋಮೀಟ್ರು ಅನ್ನೋವಾಗ ನಿಂತೇ ಹೋಯ್ತು. ಟ್ರಕ್ಕಿಗೆ ಎತ್ತಾಕ್ಕೊಂಡು ವಾಪಸ್ ತಂದ್ರು, ಕರು ಸಾಗಿಸ್ದಂಗೆ.”

ಬೈಯಲಿಲ್ಲ, ಗೊಣಗಲಿಲ್ಲ. ಇನ್ನೊಂದು ವಿಷಯ ಮಾತ್ರ ಹೇಳಿದರು. ಬರುವ ವರ್ಷವೇ ಕೊನೆ, ಆಮೇಲೆ ಕಾರ್ಬುರೇಟರ್ ಗಾಡಿಗಳನ್ನು ಆ ಸವಾರಿಗೆ ಸೇರಿಸಿಕೊಳ್ಳುವುದಿಲ್ಲ ಎಂದು ಗುಂಪಿನವರು ತೀರ್ಮಾನಿಸಿದ್ದರು. ಕಂಪ್ಯೂಟರೇ ಪೆಟ್ರೋಲು ಅಳೆದು ಕೊಡುವ ಹೊಸ ‘ಇಂಜೆಕ್ಷನ್’ ಗಾಡಿಗಳಿಗಷ್ಟೇ ಅವಕಾಶ.

“ಹೊಸದು ತಗೊಳ್ಳಮ್ಮ ಅಂಗಾದ್ರೆ,” ಎಂದೆ.

“ನಾನ್ ದಿನಾ ಓಡ್ಸೋದು ಇದನ್ನ ಸಾರ್. ಮೇಲೆ ಹೋಗೋದಾದ್ರೆ ಇದ್ರಲ್ಲೇ ಹೋಗ್ಬೇಕು. ಬೇರೆದ್ರಲ್ಲಿ ಹೋದ್ರೆ ಅದು ಹತ್ತಿದಂಗಾಯ್ತದೆ, ನಾನ್ ಹತ್ತಿದಂಗಾಗಲ್ಲ.”

ಅವರು ಹೋದ ಮೇಲೆ ಉಸ್ತಾದರು ನನ್ನ ನೋಟ್‌ಬುಕ್ಕು ತರಿಸಿದರು. ಅವತ್ತು ತಾವು ಹೇಳಿದ್ದನ್ನು ಓದಿ ಎಂದರು. ಓದಿದೆ. ಇನ್ನೊಂದು ಸಲ ಎಂದರು. ಮತ್ತೆ ಓದಿದೆ. “ಇದ್ರಲ್ಲಿ ಎಲ್ಲೋ ಸುಳ್ಳಿದೆ,” ಎಂದು ಎದ್ದುಹೋದರು.

ಸುಳ್ಳು ಸಿಕ್ಕಿದ್ದು ತೊಣ್ಣೂರಿನ ದಾರಿಯ ಒಂದು ಆಲೆಮನೆಯಲ್ಲಿ, ಬೆಳಗಿನ ಹತ್ತೂವರೆಗೆ. ಆ ಆಲೆಮನೆಯ ಗೌಡರೂ ಉಸ್ತಾದರೂ ಚಿಕ್ಕಂದಿನಿಂದ ಸ್ನೇಹಿತರು, ಒಬ್ಬರನ್ನೊಬ್ಬರು ಬೈಯದೆ ಮಾತು ಶುರುಮಾಡುವುದಿಲ್ಲ. ಅರೆಯುವ ಎಂಜಿನ್ನು ಕೆಟ್ಟಿದೆ ಎಂದು ಉಸ್ತಾದರನ್ನು ಕರೆಸಿದ್ದರು. ಬೆಲ್ಲದ ಧಾರಣೆ ವಿಚಾರಿಸುವ ಕೆಲಸವಿದ್ದುದರಿಂದ ನಾನೂ ಜೊತೆಗೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಎಂಜಿನ್ನು ಕೆಡುವ ಮುಂಚೆ ಅರೆದ ಕಬ್ಬಿನ ಹಾಲು ಕುದಿಯುತ್ತಿತ್ತು. ಕೆಳಗೆ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಿದ್ದ ಆಳು ಅವಸರದಲ್ಲಿ ಒಂದರ ಮೇಲೊಂದು ಹೊರೆ ತುರುಕಿದ. ಚಿಮಣಿಯಿಂದ ಕಪ್ಪು ಹೊಗೆ ಎದ್ದಿತು. ಕೊಪ್ಪರಿಗೆಯ ಕುದಿ ಇಳಿಯಿತು.

“ಲೇ ಲೇ, ತುರುಕ್ಬ್ಯಾಡ ಕಣ್ಲಾ!” ಎಂದು ಗೌಡರು ಕೂಗಿದರು. “ಉಸಿರು ಕಟ್ತಾ ಅದೆ ಒಲೆಗೆ. ಈಚೆಗೆಳಿ ಅರ್ಧನಾ. ಗಾಳಿ ಆಡ್ಲಿ ಬುಡು!”

ಆಳು ಕೋಲಿನಿಂದ ಅರ್ಧ ಸಿಪ್ಪೆ ಹೊರಗೆಳೆದ. ಬೆಂಕಿ ಭಗ್ಗೆಂದಿತು, ಹೊಗೆ ತೆಳುವಾಯಿತು, ಹಾಲು ಮತ್ತೆ ಉಕ್ಕಿತು. ಎಂಜಿನ್ನಿನ ಪಕ್ಕ ಕುಕ್ಕರಗಾಲಿನಲ್ಲಿದ್ದ ಉಸ್ತಾದರು ಸ್ಪ್ಯಾನರು ಕೆಳಗಿಟ್ಟು ಎದ್ದು ನಿಂತರು.

“ಯಾ ಅಲ್ಲಾ! ಪೇಪರ್ನೋರೆ, ಅಲ್ಲಿ ಗಾಳಿ ಇಲ್ಲ!”

“ಎಲ್ಲಿ?”

“ಮೇಲೆ! ಬೆಟ್ಟದ ಮೇಲೆ! ಮನುಷ್ಯಂಗೆ ಉಸಿರು ಸಾಲದಿರೋ ಜಾಗದಲ್ಲಿ ಎಂಜಿನ್ನಿಗೆ ಎಲ್ಲಿಂದ ಸಾಲ್ತದೆ? ಗಾಳಿ ತೆಳ್ಳಗೆ, ಪೆಟ್ರೋಲು ಅಷ್ಟೇ. ಸಾಲದು ಅಂತ ನಾನ್ ಇನ್ನಷ್ಟು ಸುರಿದೆ. ಇವ್ನು ಸಿಪ್ಪೆ ತುರುಕ್ದಂಗೆ ತುರುಕ್ಬುಟ್ಟೆ!”

ಗೌಡರಿಗೆ ತಲೆಬುಡ ತಿಳಿಯಲಿಲ್ಲ. ನಾನು ವಿವರಿಸಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ಲಾ ಕಣ್ಲಾ ಸಾಬಿ, ಇಪ್ಪತ್ತು ವರ್ಷ ಇದೇ ಒಲೆ ಮುಂದೆ ಟೀ ಕುಡ್ದಿದ್ದೀಯ. ಒಲೆ ಹಾಕೋನಿಗೆ ಗೊತ್ತಿರೋದು ನಿಂಗೊತ್ತಿಲ್ವಲ್ಲೋ!”

“ನಗು, ನಗು. ನಿನ್ ಎಂಜಿನ್ನು ನಾಳೆ ಮಾಡ್ತೀನಿ,” ಎಂದು ಉಸ್ತಾದರು ಕೈ ಒರೆಸಿಕೊಂಡು ಹೊರಟೇಬಿಟ್ಟರು. ಹೋಗುವ ದಾರಿಯಲ್ಲೇ ಡಾಕ್ಟರಮ್ಮನಿಗೆ ಫೋನು ಮಾಡಿದರು. “ತಪ್ಪು ನಂದು ತಾಯಿ. ಉಲ್ಟಾ ಮಾಡ್ದೆ. ಜೆಟ್ಟು ದೊಡ್ಡದಲ್ಲ, ಚಿಕ್ಕದಾಗ್ಬೇಕಿತ್ತು.” ಅವರು ಗ್ರಾಹಕರೊಬ್ಬರ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಷ್ಟು ಚಿಕ್ಕದು? ಶ್ರೀರಂಗಪಟ್ಟಣ ಇರುವುದು ಎರಡು ಸಾವಿರದ ಇನ್ನೂರು ಅಡಿ ಎತ್ತರದಲ್ಲಿ. ಇಲ್ಲಿ ಎಷ್ಟು ತಿರುಚಿದರೂ ಅಲ್ಲಿನ ಗಾಳಿ ಸಿಗುವುದಿಲ್ಲ. ಒಂದು ಭಾನುವಾರ ಊಟಿಗೆ ಹೊರಟೆವು. ಡಾಕ್ಟರಮ್ಮ ಬೈಕಿನಲ್ಲಿ, ಹಿಂದೆ ಗೌಡರ ಕಾರಿನಲ್ಲಿ ಉಸ್ತಾದರು, ನಾನು. ದೊಡ್ಡಬೆಟ್ಟದ ನೆತ್ತಿ ಎಂಟು ಸಾವಿರದ ಆರುನೂರು ಅಡಿಗೂ ಮೇಲಿದೆ. ಪ್ರವಾಸಿಗರು ಮೆಕ್ಕೆಜೋಳ ತಿನ್ನುತ್ತ ನಿಂತಿದ್ದ ಜಾಗದ ಪಕ್ಕದಲ್ಲಿ ಉಸ್ತಾದರು ಗೋಣಿಚೀಲ ಹಾಸಿ ಅಂಗಡಿ ತೆರೆದರು.

ಗಾಡಿ ಸರಿಯಾಗಿ ಉಸಿರಾಡುತ್ತಿದೆಯೇ ಎಂದು ತಿಳಿಯಲು ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಬಣ್ಣ ನೋಡಬೇಕು. ಏರಿನಲ್ಲಿ ಪೂರ್ತಿ ಆಕ್ಸಿಲೇಟರು ತಿರುಗಿಸಿ ಓಡಿಸಿ, ಹಾಗೇ ತಟ್ಟನೆ ಎಂಜಿನ್ನು ಆರಿಸಿ, ಆಗಲೇ ಬಿಚ್ಚಬೇಕು. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು. ಬೂದಿಯಂತೆ ಬೆಳ್ಳಗಿದ್ದರೆ ಕಡಿಮೆ, ಎಂಜಿನ್ನು ಕಾದು ಪಿಸ್ಟನ್ನೇ ಸುಡಬಹುದು. ಬಿಸ್ಕತ್ತಿನ ಬಣ್ಣವಿದ್ದರೆ ಹದ.

ನೂರಿಪ್ಪತ್ತರಲ್ಲಿ ಕಪ್ಪು. ಗಾಡಿ ಮಂಕಾಗಿ ಗೊಣಗಿತು. ನೂರಹದಿನೈದರಲ್ಲಿ ಕಂದು, ಅಂಚಿನಲ್ಲಿ ಇನ್ನೂ ಮಸಿ. ನೂರಹನ್ನೆರಡು ಹಾಕಿ ಡಾಕ್ಟರಮ್ಮ ತಿರುವಿನ ಕೆಳಗಿಂದ ಮೇಲೆ ಬಂದರು ನೋಡಿ, ಸದ್ದೇ ಬೇರೆ! ಗಂಟಲು ಕಟ್ಟಿದವನಿಗೆ ದನಿ ಬಿಟ್ಟಂತೆ. ಮೆಕ್ಕೆಜೋಳದವರೆಲ್ಲ ತಿರುಗಿ ನೋಡಿದರು. ಗೌಡರು ರಸ್ತೆಯಲ್ಲೇ ಶಿಳ್ಳೆ ಹೊಡೆದರು. ಉಸ್ತಾದರು ಪ್ಲಗ್ಗು ಬಿಚ್ಚಿ ಬಿಸಿಲಿಗೆ ಹಿಡಿದು ನನ್ನ ಕೈಗೆ ಕೊಟ್ಟರು. ಬಿಸ್ಕತ್ತಿನ ಬಣ್ಣ. ಬೆರಳು ಸುಟ್ಟಿತು, ಆದರೂ ಬಿಡಲಿಲ್ಲ.

“ಅಂದ್ರೆ ಈಗ ಗಾಡಿಗೆ ಊರಲ್ಲಿದ್ದಷ್ಟೇ ಶಕ್ತಿ ಬಂತಾ?” ಎಂದು ಕೇಳಿದೆ. ಈ ಸಲ ಪ್ರಶ್ನೆ ಕೇಳದೆ ಬರೆದುಕೊಳ್ಳಲು ತಯಾರಿರಲಿಲ್ಲ.

“ಇಲ್ಲ. ಇಲ್ಲದ ಗಾಳಿನ ಯಾವ ಜೆಟ್ಟೂ ತಂದ್ಕೊಡಲ್ಲ. ಇರೋ ಗಾಳಿಗೆ ತಕ್ಕಷ್ಟು ಊಟ, ಅಷ್ಟೇ. ಕಮ್ಮಿಯಾದ ಶಕ್ತಿಗೆ ಹಿಂದಿನ ಚಕ್ರಕ್ಕೆ ಎರಡು ಹಲ್ಲು ಜಾಸ್ತಿ ಇರೋ ಚೈನ್ ಸ್ಪ್ರಾಕೆಟ್ ಹಾಕ್ತೀನಿ. ನಿಧಾನ ಹೋಗ್ಲಿ, ಎಳೀಲಿ.”

ಎಂಟು ಸಾವಿರ ಚಿಲ್ಲರೆ ಅಡಿಗೆ ನೂರಹನ್ನೆರಡಾದರೆ ಹದಿನೈದು ಸಾವಿರಕ್ಕೆ ಎಷ್ಟು? ಉಸ್ತಾದರ ಲೆಕ್ಕ ನೂರೈದರಿಂದ ನೂರರ ಒಳಗೆ ಎಲ್ಲೋ ಬಂತು. ಎಲ್ಲಿ ಎಂದು ಹೇಳಲು ನಮಗೆ ಅಷ್ಟೆತ್ತರದ ಬೆಟ್ಟವಿರಲಿಲ್ಲ.

ಈ ವರ್ಷ ಜೂನಿನಲ್ಲಿ ಮೈಸೂರಿನಿಂದ ಗಾಡಿ ರೈಲು ಹತ್ತಿತು. ಡಾಕ್ಟರಮ್ಮನ ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ, ಅದರಲ್ಲಿ ನೂರೆಂಟು, ನೂರೈದು, ನೂರೆರಡು, ನೂರು. ಹೋಗುವ ಮುಂಚೆ ಉಸ್ತಾದರು ಅವರಿಂದ ಕಾರ್ಬುರೇಟರನ್ನು ಹನ್ನೊಂದು ಸಲ ಬಿಚ್ಚಿಸಿ ಜೋಡಣೆ ಮಾಡಿಸಿದರು. ಕೊನೆಯ ಎರಡು ಸಲ ಕೈಗೆ ಉಣ್ಣೆಯ ಗ್ಲೌಸು ಹಾಕಿಸಿ.

ಸವಾರಿಯ ನಾಲ್ಕನೆಯ ದಿನ ಸಂಜೆ ಐದೂವರೆಗೆ ಶೆಡ್ಡಿಗೆ ಫೋನು ಬಂತು. ಡಾಕ್ಟರಮ್ಮ ಕಣಿವೆಯ ಬುಡದ ಹಳ್ಳಿಯಲ್ಲಿ, ಹದಿಮೂರು ಸಾವಿರ ಅಡಿಯಲ್ಲಿ, ತಂಗಿದ ಮನೆಯವರ ವೈಫೈನಿಂದ ಮಾತಾಡುತ್ತಿದ್ದರು. ಉಸ್ತಾದರು ಸ್ಪೀಕರು ಹಾಕಿದರು.

“ನೂರೈದರಲ್ಲಿ ಬಂದೆ. ಪರವಾಗಿಲ್ಲ, ಆದ್ರೂ ಕೊನೇಲಿ ಸ್ವಲ್ಪ ಗೊಳಗೊಳ. ಪ್ಲಗ್ಗು ಫೋಟೋ ಕಳ್ಸಿದ್ದೀನಿ ನೋಡಿ.”

ನೋಡಿದೆವು. ಕಪ್ಪೋ ಕಂದೋ ಹೇಳುವಂತಿರಲಿಲ್ಲ. ಅಲ್ಲಿಯ ಸಂಜೆ ಬೆಳಕಿಗೆ ಎಲ್ಲವೂ ನೀಲಿಯಾಗಿ ಕಾಣುತ್ತಿತ್ತು.

“ನಾಳೆಗೆ ನೂರೆರಡು ಹಾಕ್ಲಾ, ನೂರು ಹಾಕ್ಲಾ? ಹೇಳಿ ಉಸ್ತಾದ್ರೆ.”

ಉಸ್ತಾದರು ಫೋಟೋವನ್ನು ದೊಡ್ಡದು ಮಾಡಿದರು, ಚಿಕ್ಕದು ಮಾಡಿದರು. “ಹೇಳಲ್ಲ,” ಎಂದರು.

“ಹೇಳಲ್ಲ ಅಂದ್ರೇನು?” ಡಾಕ್ಟರಮ್ಮನ ದನಿ ಏರಿತು. “ಒಂದು ವರ್ಷ ಕಾದಿದ್ದೀನಿ. ಇದೇ ಕೊನೆ ಸಲ ಅಂತ ನಿಮಗೆ ಗೊತ್ತು. ಈಗ ತಮಾಷೆ ಮಾಡ್ತೀರಾ?”

“ತಮಾಷೆ ಅಲ್ಲ ತಾಯಿ. ಹೋದ್ಸಲ ನಾನು ಇಲ್ಲಿ ಕೂತ್ಕೊಂಡು ಅಲ್ಲಿಂದು ಹೇಳ್ದೆ. ನೀನು ಕೆಟ್ಟೆ. ಹಸು ಜ್ವರ ಹೆಂಗೆ ನೋಡ್ತೀಯ ನೀನು? ಫೋಟೋ ತರಿಸ್ಕೊಂಡಾ? ಕಿವಿ ಮುಟ್ಟಿ ನೋಡ್ತೀಯ ಅಲ್ವಾ? ಅಂಗೇ ನೋಡು. ಬೆಳಿಗ್ಗೆ ಏರು ಶುರುವಾಗ್ತಿದ್ದಂಗೆ ಫುಲ್ ತಿರುಗ್ಸು, ಆಫ್ ಮಾಡು, ಬಿಚ್ಚು. ಕಪ್ಪಿದ್ರೆ ಒಂದು ನಂಬರು ಇಳಿ. ಮತ್ತೆ ಮೇಲೆ ಹೋಗಿ ನೋಡು. ನಿನ್ ಕಣ್ಣು, ನಿನ್ ಕಿವಿ. ನನ್ ಮಾತಲ್ಲ.”

“ಒಂದು ಸಲ ಬಿಚ್ಚಿ ಹಾಕೋಕೆ ಇಲ್ಲಿ ಇಪ್ಪತ್ತು ನಿಮಿಷ ಬೇಕು. ಕೈ ಮರಗಟ್ತಾವೆ. ಹನ್ನೆರಡು ಗಂಟೆ ಮೀರಿದ್ರೆ?”

“ಮೀರ್ಬಹುದು,” ಎಂದರು ಉಸ್ತಾದರು. “ಸುಳ್ಳ್ ಹೇಳಲ್ಲ.”

ಅತ್ತಲಿಂದ ಜೆಟ್ಟಿನ ಡಬ್ಬಿ ಮುಚ್ಚಿದ ಸದ್ದು ಕೇಳಿತು. ಆಮೇಲೆ, “ಸರಿ, ನೋಡ್ತೀನಿ,” ಎಂದು ಫೋನಿಟ್ಟರು.

ಮರುದಿನ ನಾನು ಪಂಚಾಯಿತಿ ಸಭೆಯೊಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಹತ್ತು ಗಂಟೆಗೆ ಶೆಡ್ಡಿನಲ್ಲಿದ್ದೆ. ಗೌಡರು ಪಾಂಡವಪುರದಿಂದ ಬಂದು ಸ್ಟೂಲು ಹಿಡಿದರು. ಕಣಿವೆಯಲ್ಲಿ ಫೋನು ಸಿಗುವುದಿಲ್ಲ, ಆಚೆ ಬದಿಗಿಳಿದು ಮೊದಲ ಹಳ್ಳಿ ಸೇರಿದ ಮೇಲೆಯೇ ಮಾತು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಹಿಂದಕ್ಕೆ ಕಳುಹಿಸಿದರೆ ಬುಡದ ಹಳ್ಳಿಯಿಂದಲೇ ಫೋನು ಬರುತ್ತದೆ, ಅದು ಬೇಗ ಬರುತ್ತದೆ. ಆದ್ದರಿಂದ ಫೋನು ತಡವಾದಷ್ಟೂ ಒಳ್ಳೆಯದು ಎಂದು ನಾವು ಲೆಕ್ಕ ಹಾಕಿದೆವು.

ಹನ್ನೆರಡಾಯಿತು. ಉಸ್ತಾದರು ಹಾಲಿನವರೊಬ್ಬರ ಮೊಪೆಡ್ಡಿನ ಕಾರ್ಬುರೇಟರು ಬಿಚ್ಚಿಟ್ಟುಕೊಂಡು ಒಂದೇ ಸ್ಕ್ರೂ ತೊಳೆಯುತ್ತಿದ್ದರು.

“ಅದನ್ನ ಇನ್ನೂ ತೊಳುದ್ರೆ ಕರಗೋಯ್ತದೆ ಕಣ್ಲಾ,” ಎಂದರು ಗೌಡರು.

“ನೀನ್ ಸುಮ್ಕಿರ್ಲಾ.”

ಒಂದಾಯಿತು. ಉಸ್ತಾದರು ನಮಾಜಿಗೆ ಹೋಗುವಾಗ ಫೋನು ನನ್ನ ಕೈಗೆ ಕೊಟ್ಟು, “ಬಂದ್ರೆ ಓಡ್ಬನ್ನಿ, ಮಸೀದಿ ಬಾಗ್ಲಲ್ಲಿ ಕೂಗಿ,” ಎಂದರು. ಬರಲಿಲ್ಲ. ಒಂದೂವರೆ. ಎರಡು. ಗೌಡರು ಮೂರು ಟೀ ಕುಡಿದು ನಾಲ್ಕನೆಯದಕ್ಕೆ ಹೇಳಿದರು. ಎರಡೂಕಾಲರ ಹೊತ್ತಿಗೆ ಎಲ್ಲರೂ ತಮಾಷೆ ಮಾಡುವುದನ್ನು ನಿಲ್ಲಿಸಿದ್ದೆವು. ಫೋನು ತಡವಾಗುವುದಕ್ಕೆ ಬೇರೆ ಕಾರಣಗಳೂ ಇರಬಹುದು ಎಂಬುದು ಮೂವರಿಗೂ ಒಟ್ಟಿಗೇ ಹೊಳೆದಿತ್ತು.

ಎರಡು ನಲವತ್ತಮೂರಕ್ಕೆ ಬಂತು. ಗೊತ್ತಿಲ್ಲದ ನಂಬರು.

“ಉಸ್ತಾದ್ರೇ! ಹತ್ತ್‌ಬುಟ್ಟೆ!”

ಗೌಡರು ಎದ್ದ ರಭಸಕ್ಕೆ ಸ್ಟೂಲು ಬಿತ್ತು. ಡಾಕ್ಟರಮ್ಮ ಉಸಿರು ತೆಗೆದುಕೊಳ್ಳದೆ ಹೇಳುತ್ತಿದ್ದರು. ಬೆಳಿಗ್ಗೆ ಆರೂವರೆಗೆ ನೂರೈದರಲ್ಲಿ ಹೊರಟು ಮೊದಲ ಏರಿನಲ್ಲಿ ಬಿಚ್ಚಿದಾಗ ಪ್ಲಗ್ಗು ಕಪ್ಪು. ಗಾಳಿಗೆ ಬೆನ್ನು ಕೊಟ್ಟು ಕೂತು ನೂರೆರಡು ಹಾಕಿದರು. ಜೊತೆಯವರೆಲ್ಲ ಮುಂದೆ ಹೋದರು. ಹದಿನಾಲ್ಕು ಸಾವಿರದಲ್ಲಿ ಮತ್ತೆ ನೋಡಿದರೆ ಮತ್ತೆ ಮಸಿ. ಹಿಂದಿನಿಂದ ಟ್ರಕ್ಕು ಬಂದು ನಿಂತು, ಗಾಡಿ ಎತ್ತಿಹಾಕಲೇ ಎಂದು ಕೇಳಿತು. ಹೋದ ವರ್ಷದ ಅದೇ ಟ್ರಕ್ಕು, ಅದೇ ಡ್ರೈವರು.

“ಅವ್ನಿಗೆ ಹೇಳ್ದೆ, ಹತ್ತು ನಿಮಿಷ ತಡಿಯಪ್ಪ ಅಂತ. ನೂರು ಹಾಕ್ದೆ. ಜೆಟ್ಟು ಒಂದ್ಸಲ ಕೈಯಿಂದ ಜಾರಿ ಹಿಮದಲ್ಲಿ ಬಿತ್ತು, ಅದೇ ಡ್ರೈವರು ಬಗ್ಗಿ ಹುಡುಕ್ಕೊಟ್ಟ. ಕಿಕ್ ಹೊಡ್ದೆ. ಉಸ್ತಾದ್ರೆ, ಆ ಸದ್ದು! ದೊಡ್ಡಬೆಟ್ಟದಲ್ಲಿ ಬಂತಲ್ಲ, ಅದೇ ಸದ್ದು! ನೆತ್ತಿ ಮುಟ್ಟಿದಾಗ ಹನ್ನೆರಡಕ್ಕೆ ಏಳು ನಿಮಿಷ ಇತ್ತು. ಇಂಜೆಕ್ಷನ್ ಗಾಡಿಯೋರು ಇಬ್ರನ್ನ ಏರಲ್ಲಿ ಹಿಂದೆ ಹಾಕ್ಬಂದೆ!”

ಗೌಡರು ಬೀದಿಗೆ ಹೋಗಿ ಸಿಕ್ಕಸಿಕ್ಕವರಿಗೆಲ್ಲ ಹೇಳತೊಡಗಿದರು. ಉಸ್ತಾದರು ಫೋನನ್ನು ಎರಡು ಕೈಯಲ್ಲಿ ಹಿಡಿದಿದ್ದರು. 

“ಎಲ್ಲಿದ್ದೀಯ ಈಗ?”

“ಆಚೆ ಕಡೆ ಹಳ್ಳೀಲಿ. ಎರಡು ಸಾವಿರ ಅಡಿಗಿಂತ ಜಾಸ್ತಿ ಇಳಿದ್ಬಂದೆ. ಟೀ ಅಂಗಡಿಯೋರ ಫೋನು.”

“ಗಾಡೀಲಿ ಯಾವ ಜೆಟ್ಟದೆ?”

“ನೂರೇ.”

“ಅರೆ, ನೂರೇನಮ್ಮ! ಇಳಿದಂಗೆಲ್ಲ ಗಾಳಿ ಜಾಸ್ತಿ ಆಗ್ತದೆ, ಪೆಟ್ರೋಲು ಸಾಲಲ್ಲ, ಎಂಜಿನ್ನು ಕಾದೋಯ್ತದೆ. ತೆಗಿ ಅದನ್ನ. ನೂರೈದು ಹಾಕು, ಆಮೇಲೆ ಮುಂದಕ್ಕೆ ಹೋಗು.”

“ಆಕ್ತೀನಿ ಉಸ್ತಾದ್ರೆ. ಒಂದ್ ಟೀ ಕುಡೀಲಾ ಮೊದ್ಲು? ಬೆಳಿಗ್ಗೆಯಿಂದ ನೀರೂ ಕುಡ್ದಿಲ್ಲ.”

“ಕುಡಿ ತಾಯಿ, ಕುಡಿ. ಎರಡು ಕುಡಿ.”

ಫೋನಿಟ್ಟ ಮೇಲೆ ಉಸ್ತಾದರು ಮೊಪೆಡ್ಡಿನ ಕಾರ್ಬುರೇಟರು ಎತ್ತಿಕೊಂಡರು. ಸ್ಕ್ರೂ ಕೂರಿಸಲು ಎರಡು ಸಲ ನೋಡಿದರು, ಎರಡು ಸಲವೂ ಅದು ಜಾರಿಬಿತ್ತು, ಕೆಳಗಿಟ್ಟರು. ಕಾಯುತ್ತಿದ್ದ ಹಾಲಿನವರಿಗೆ, “ನಾಳೆ ಬಾರಪ್ಪ, ಇವತ್ತು ಆಗಲ್ಲ,” ಎಂದರು. ಹಾಲಿನವರಿಗೂ ಅಷ್ಟು ಹೊತ್ತಿಗೆ ಕಥೆಯೆಲ್ಲ ಗೊತ್ತಾಗಿತ್ತು. ಅವರು ಗೌಡರ ಬಿದ್ದ ಸ್ಟೂಲನ್ನು ಎತ್ತಿ ನಿಲ್ಲಿಸಿ, “ಬುಡಿ, ನಡ್ಕೊಂಡೋಯ್ತೀನಿ,” ಎಂದು ಖಾಲಿ ಕ್ಯಾನು ಹಿಡಿದು ಹೊರಟರು.